ಯಾರೋ ಕೊಟ್ಟ ಮಾತು

ಕಳೆದ ದೀಪಾವಳಿಗೆ ನಾನು ಊರಿಗೆ ಹೋಗಿದ್ದು ತೋಟದ ಮಾತುಕತೆಗೆ. ಹೋದ ದಿನವೇ ಚಿಕ್ಕಪ್ಪ ಫೋನ್ ಮಾಡಿ, "ಬೆಂಗ್ಳೂರಿಂದ ಬಂದಿದೀಯಂತೆ, ಮಂಡಿ ಕಡೆ ಬಾರೋ, ಕಂಪ್ಯೂಟ್ರು ಸತ್ತೋಗದೆ" ಅಂದರು. ಸಾಫ್ಟ್‌ವೇರ್ ಇಂಜಿನಿಯರ್ ಆದವನಿಗೆ ಊರಿನಲ್ಲಿ ಹಬ್ಬ ಅಂದ್ರೆ ಇದೇ. ಹೋಳಿಗೆ ತಿನ್ನೋ ಮುಂಚೆ ಯಾರದ್ದಾದರೂ ಪ್ರಿಂಟರ್ ನೋಡಬೇಕು.

ಚಿಕ್ಕಪ್ಪನದು ತಿಪಟೂರು ಕಡೆಯ ಒಂದು ಹೋಬಳಿಯಲ್ಲಿ ಸಣ್ಣ ಕೊಬ್ಬರಿ ಮಂಡಿ. ರೈತರ ಕೊಬ್ಬರಿ ತೂಗಿಸಿ, ಕೊಟ್ಟ ಮುಂಗಡ ಮುರಿದುಕೊಂಡು ದುಡ್ಡು ಕೊಡೋ ವ್ಯವಹಾರ. ಈ ಲೆಕ್ಕಕ್ಕೆಲ್ಲ ಒಂದೇ ಪ್ರೋಗ್ರಾಂ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಹುಡುಗನೊಬ್ಬ ವಿಷುಯಲ್ ಬೇಸಿಕ್ 3ರಲ್ಲಿ ಬರೆದುಕೊಟ್ಟದ್ದು. ಆ ಹುಡುಗ ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಪ್ರೋಗ್ರಾಂ ಮಾತ್ರ ಎರಡು ದಶಕ ದಾಟಿ ದುಡಿದಿತ್ತು, ಅದರ ಅಡಿಯ ಕಂಪ್ಯೂಟರ್ ಮದರ್‌ಬೋರ್ಡ್ ಸುಟ್ಟುಕೊಂಡು ಸಾಯುವವರೆಗೆ.

ಚಿಕ್ಕಪ್ಪ ಹೊಸ ಲ್ಯಾಪ್‌ಟಾಪ್ ತಂದಿದ್ದರು. ವಿಂಡೋಸ್ 11. ಹಳೆ ಹಾರ್ಡ್ ಡಿಸ್ಕ್‌ನಿಂದ ಪ್ರೋಗ್ರಾಂ ತೆಗೆದು ಹಾಕಿದರೆ, ಇದು ಈ ಕಂಪ್ಯೂಟರ್‌ನಲ್ಲಿ ಓಡಲ್ಲ ಅಂತ ಒಂದು ಸಂದೇಶ ಬಂತು, ಅಷ್ಟೇ. ಅದರಲ್ಲಿ ಆಶ್ಚರ್ಯವಿಲ್ಲ. ವಿಷುಯಲ್ ಬೇಸಿಕ್ 3ರಲ್ಲಿ ಬರೆದವೆಲ್ಲ 16 ಬಿಟ್ ಪ್ರೋಗ್ರಾಂಗಳು. 64 ಬಿಟ್ ವಿಂಡೋಸ್ ಅವನ್ನು ಓಡಿಸುವುದಿಲ್ಲ, ಮತ್ತು ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ.

ನಾನು ಇಂಜಿನಿಯರ್ ಬುದ್ಧಿ ತೋರಿಸಿದೆ. "ಬಿಡಿ ಚಿಕ್ಕಪ್ಪ, ಹೊಸದೇ ಬರ್ಕೊಡ್ತೀನಿ. ಫೋನಲ್ಲೂ ನೋಡ್ಬಹುದು. ರೌಂಡಾಫ್ ತಪ್ಪಿದೆಯಲ್ಲ, ಅದನ್ನೂ ಸರಿ ಮಾಡ್ತೀನಿ." ಹಳೆ ಬಿಲ್ಲುಗಳನ್ನು ನೋಡುವಾಗ ಕಣ್ಣಿಗೆ ಬಿದ್ದಿತ್ತು: 50 ಪೈಸೆ ಬಂದ ಕಡೆ ಕೆಲವು ಬಿಲ್ಲು ಮೇಲಕ್ಕೆ ಹೋಗಿವೆ, ಕೆಲವು ಕೆಳಕ್ಕೆ ಇಳಿದಿವೆ. ವಿಷುಯಲ್ ಬೇಸಿಕ್‌ಗೆ ಆ ಅಭ್ಯಾಸ ಇದೆ. ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ತಿರುಗಿಸುತ್ತೆ. 812.50 ಇದ್ದರೆ 812 ಆಗುತ್ತೆ, 813.50 ಇದ್ದರೆ 814.

ಚಿಕ್ಕಪ್ಪ ನಕ್ಕರು. "ತಪ್ಪು ಯಾಕೋ? ಒಂದ್ಸಲ ನಂಗೆ, ಒಂದ್ಸಲ ರೈತನಿಗೆ. ಯಾವಾಗ್ಲೂ ನಂಗೇ ಬಂದ್ರೆ ಮೋಸ ಅಂತಾರೆ. ಯಾವಾಗ್ಲೂ ಅವರಿಗೇ ಹೋದ್ರೆ ನಾನು ಅಂಗಡಿ ಮುಚ್ಬೇಕು. ಇಷ್ಟು ವರ್ಷದಲ್ಲಿ ಎಂಟಾಣೆಗೆ ಒಂದು ಜಗಳ ಆಗಿಲ್ಲ ಇಲ್ಲಿ."

ನಾನು ಬಗ್ ಅಂದುಕೊಂಡಿದ್ದು ಆ ಮಂಡಿಯ ನ್ಯಾಯವಾಗಿತ್ತು. ಹೊಸದು ಬರೆಯುವ ಮಾತು ಅಲ್ಲಿಗೇ ನಿಂತಿತು.

ನನ್ನ ಬ್ಯಾಗಿನಲ್ಲಿ ಹಳೆ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಲಿನಕ್ಸ್. ವೈನ್ ಹಾಕಿದೆ, ಜೊತೆಗೆ ಅದರ 32 ಬಿಟ್ ಭಾಗಗಳನ್ನೂ. "ಏನೋ ಹಾಕ್ತಿದೀಯ?" ಅಂದರು. "ವೈನ್ ಚಿಕ್ಕಪ್ಪ." "ಲಕ್ಷ್ಮೀ ಫೋಟೋ ಮುಂದೆ ಅದೆಲ್ಲ ಬ್ಯಾಡಪ್ಪ." ಹೆಸರಿನ ಕಥೆ ಹೇಳಿ ಮುಗಿಸುವಷ್ಟರಲ್ಲಿ ಬೂದು ಬಣ್ಣದ ಆ ಹಳೆ ಕಿಟಕಿ ತೆರೆದುಕೊಂಡಿತು. ಚಿಕ್ಕಪ್ಪ ಕನ್ನಡಕ ಏರಿಸಿ, ಮೌಸ್ ಮುಟ್ಟದೆ, ಟ್ಯಾಬ್ ಒತ್ತುತ್ತಾ ಒತ್ತುತ್ತಾ ಒಬ್ಬ ರೈತರ ಖಾತೆ ತೆಗೆದರು. ಬಾಕಿ ಸರಿಯಾಗಿತ್ತು. ಟರ್ಮಿನಲ್‌ನಲ್ಲಿ ಮಾತ್ರ 'ಫಿಕ್ಸ್‌ಮಿ' ಅಂತ ನಾಲ್ಕಾರು ಸಾಲು. ವೈನ್ ತಾನು ಇನ್ನೂ ಪೂರ್ತಿ ಮಾಡದ ಕೆಲಸಗಳನ್ನು ಹೀಗೆ ಪ್ರಾಮಾಣಿಕವಾಗಿ ಬರೆದಿಡುತ್ತೆ.

ನನ್ನನ್ನು ಆವತ್ತಿನಿಂದ ಕಾಡುತ್ತಿರುವ ಪ್ರಶ್ನೆ ಇದು. ವಿಂಡೋಸ್ ಕೈಬಿಟ್ಟ ಈ ಪ್ರೋಗ್ರಾಮನ್ನು, ವಿಂಡೋಸ್‌ಗೆ ಯಾವ ಸಂಬಂಧವೂ ಇಲ್ಲದ ಯಾರೋ ಯಾಕೆ ಸಾಕಿದರು?

ಒಂದು ಪ್ರೋಗ್ರಾಂ ತಾನೊಂದೇ ಏನೂ ಮಾಡಲಾರದು. ಫೈಲ್ ತೆರೆಯಬೇಕಾದರೂ, ಪರದೆಯ ಮೇಲೆ ಒಂದು ಗುಂಡಿ ಬಿಡಿಸಬೇಕಾದರೂ ಆಪರೇಟಿಂಗ್ ಸಿಸ್ಟಮ್ ಅನ್ನು ಕೇಳಬೇಕು. ಏನು ಕೇಳಬಹುದು, ಹೇಗೆ ಕೇಳಬೇಕು, ಕೇಳಿದರೆ ಏನು ಸಿಗುತ್ತೆ ಅನ್ನೋದನ್ನು ಆಪರೇಟಿಂಗ್ ಸಿಸ್ಟಮ್ ಮಾಡಿದವರು ಮೊದಲೇ ಹೇಳಿರುತ್ತಾರೆ. ನಾವು ಅದನ್ನು ಎಪಿಐ ಅಂತೀವಿ. ಹಳ್ಳಿ ಭಾಷೆಯಲ್ಲಿ ಹೇಳೋದಾದರೆ ಅದು ಕೊಟ್ಟ ಮಾತು. "ನೀನು ಹೀಗೆ ಕೇಳು, ನಾನು ಇದನ್ನು ಕೊಡ್ತೀನಿ." ಆ ಮಾತು ನಂಬಿಕೊಂಡೇ ಪ್ರೋಗ್ರಾಂ ಬರೆಯೋದು.

ಲಿನಕ್ಸ್ ಆ ಮಾತು ಕೊಟ್ಟಿಲ್ಲ. ಅದರ ಮಾತುಗಳೇ ಬೇರೆ. ಅಲ್ಲಿ ಸಿ ಡ್ರೈವ್ ಇಲ್ಲ. ಫೈಲ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ಈ ನಡುವೆ ವೈನ್ ನಿಲ್ಲುತ್ತೆ. ಪ್ರೋಗ್ರಾಂ ವಿಂಡೋಸ್ ರೀತಿಯಲ್ಲಿ ಕೇಳಿದ್ದನ್ನು ಕೇಳಿಸಿಕೊಂಡು, ಲಿನಕ್ಸ್‌ನಿಂದ ಮಾಡಿಸಿ, ವಿಂಡೋಸ್ ರೀತಿಯಲ್ಲೇ ಉತ್ತರ ಕೊಡುತ್ತೆ. ಪ್ರೋಗ್ರಾಂನ ಲೆಕ್ಕಾಚಾರ ನೇರವಾಗಿ ನಿಮ್ಮ ಪ್ರೊಸೆಸರ್ ಮೇಲೇ ನಡೆಯುತ್ತೆ. ನಡುವೆ ಸುಳ್ಳು ಕಂಪ್ಯೂಟರ್ ಒಂದನ್ನು ಕಟ್ಟುವುದಿಲ್ಲ. ಅದಕ್ಕೇ 'ವೈನ್ ಈಸ್ ನಾಟ್ ಆನ್ ಎಮ್ಯುಲೇಟರ್' ಅನ್ನೋದರ ಮೊದಲಕ್ಷರಗಳು ಅದರ ಹೆಸರಾದವು.

ಕೆಲಸ ಶುರುವಾಗಿದ್ದು 1993ರಲ್ಲಿ. ಚಿಕ್ಕಪ್ಪನ ಪ್ರೋಗ್ರಾಂ ಬರೆದ ವಿಷುಯಲ್ ಬೇಸಿಕ್ 3 ಬಂದದ್ದೂ ಅದೇ ವರ್ಷ. 1994ರಿಂದ ಇದನ್ನು ಮುನ್ನಡೆಸುತ್ತಿರುವುದು ಅಲೆಕ್ಸಾಂಡ್ರ್ ಜೂಲಿಯಾರ್. 1.0 ಅಂತ ಹೇಳಿಕೊಳ್ಳುವ ಮೊದಲ ಆವೃತ್ತಿ ಬಂದದ್ದು 2008ರ ಜೂನ್‌ನಲ್ಲಿ, ಹದಿನೈದು ವರ್ಷದ ನಂತರ. ಎರಡು ವಾರಕ್ಕೊಂದು ಸ್ಪ್ರಿಂಟ್ ಮುಗಿಸಿ ಡೆಮೋ ತೋರಿಸುವ ನಮಗೆ ಹದಿನೈದು ವರ್ಷ ಅಂದ್ರೆ ಅರ್ಥವಾಗಲ್ಲ. ನಾನು ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಎಲ್ಲ ಮುಗಿಸೋದಕ್ಕೂ ಅಷ್ಟು ವರ್ಷ ಹಿಡಿಯಲಿಲ್ಲ.

ಅಷ್ಟು ವರ್ಷ ಯಾಕೆ ಬೇಕಾಯಿತು ಅಂದ್ರೆ, ಕೊಟ್ಟ ಮಾತುಗಳೆಲ್ಲ ಪುಸ್ತಕದಲ್ಲಿ ಇರುವುದಿಲ್ಲ. ಎಲ್ಲೂ ಬರೆಯದ ನಡವಳಿಕೆಗಳನ್ನೂ ಪ್ರೋಗ್ರಾಂಗಳು ನೆಚ್ಚಿಕೊಂಡಿರುತ್ತವೆ. ಇದಕ್ಕೆ ನಮ್ಮ ಕಸುಬಿನಲ್ಲಿ ಒಂದು ಹಳೆ ಉದಾಹರಣೆ ಇದೆ, ಜೋಯಲ್ ಸ್ಪೋಲ್ಸ್‌ಕಿ ಅದನ್ನು 2004ರಲ್ಲಿ ಬರೆದಿದ್ದರು. ಸಿಮ್‌ಸಿಟಿ ಆಟದಲ್ಲಿ ಒಂದು ತಪ್ಪಿತ್ತು: ವಾಪಸ್ ಕೊಟ್ಟ ಮೆಮೊರಿಯನ್ನು ಆಮೇಲೂ ಓದುತ್ತಿತ್ತು. ಹಳೆ ವಿಂಡೋಸ್‌ನಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು, ವಿಂಡೋಸ್ 95ರಲ್ಲಿ ನಡೆಯುತ್ತಿರಲಿಲ್ಲ. ಮೈಕ್ರೋಸಾಫ್ಟ್‌ನವರು ಏನು ಮಾಡಿದರು ಗೊತ್ತಾ? ಓಡುತ್ತಿರುವುದು ಸಿಮ್‌ಸಿಟಿಯೇ ಅಂತ ಗುರುತಿಸಿ, ಆಗ ಮಾತ್ರ ವಾಪಸ್ ಬಂದ ಮೆಮೊರಿಯನ್ನು ತಕ್ಷಣ ಇನ್ನೊಬ್ಬರಿಗೆ ಕೊಡದ ಹಾಗೆ ವಿಂಡೋಸ್‌ನಲ್ಲೇ ಕೋಡ್ ಹಾಕಿದರು. ತಪ್ಪು ಆಟದ್ದು. ಆದರೆ ಹೊಸ ವಿಂಡೋಸ್ ಕೊಂಡು ತಂದವನ ಆಟ ನಿಂತರೆ, ಅವನ ಕಣ್ಣಿಗೆ ಮಾತು ತಪ್ಪಿದ್ದು ವಿಂಡೋಸ್.

ಇಂಥ ಬರೆಯದ ಮಾತುಗಳನ್ನೂ ವೈನ್ ಪಾಲಿಸಬೇಕು. ಮತ್ತೆ ಅದನ್ನು ಕದ್ದು ತಿಳಿದುಕೊಳ್ಳುವ ಹಾಗಿಲ್ಲ. ವಿಂಡೋಸ್‌ನ ಸೋರ್ಸ್ ಕೋಡ್‌ನ ತುಂಡುಗಳು 2004ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ಹೊರಗೆ ಸೋರಿದ್ದವು. ಅಂಥ ಕೋಡ್ ಓದಿದವರು ವೈನ್‌ಗೆ ಕೋಡ್ ಬರೆಯುವಂತಿಲ್ಲ ಅನ್ನೋದು ಅವರ ನಿಯಮ. ಬದಲಿಗೆ ಸಣ್ಣ ಸಣ್ಣ ಪರೀಕ್ಷೆಗಳನ್ನು ಬರೆದು ನಿಜವಾದ ವಿಂಡೋಸ್ ಮೇಲೆ ಓಡಿಸುತ್ತಾರೆ. ಹೀಗೆ ಕೇಳಿದರೆ ಏನು ಹೇಳುತ್ತೆ, ತಪ್ಪಾಗಿ ಕೇಳಿದರೆ ಯಾವ ತಪ್ಪಿನ ಸಂಖ್ಯೆ ಕೊಡುತ್ತೆ ಅಂತ ಹೊರಗೆ ನಿಂತು ನೋಡಿ, ವೈನ್ ಕೂಡ ಅದೇ ಉತ್ತರ ಕೊಡುವ ಹಾಗೆ ತಿದ್ದುತ್ತಾರೆ. ಒಂದು ಮನೆಯ ಬೀರು ತೆಗೆಯದೆ, ಆ ಮನೆಯವರು ನಡೆದುಕೊಳ್ಳುವುದನ್ನು ನೋಡಿಯೇ ಅವರ ಮರ್ಯಾದೆ ಕಲಿತ ಹಾಗೆ.

ಇಲ್ಲಿಗೆ ಬರುವಾಗ ನನಗೆ ಎದೆಯಲ್ಲಿ ಸ್ವಲ್ಪ ಚುಚ್ಚುತ್ತೆ. ಯಾಕೆ ಅಂದ್ರೆ, ಅದೇ ಹಬ್ಬದಲ್ಲಿ ನಾನು ಊರಿಗೆ ಹೋಗಿದ್ದ ಅಸಲಿ ಕೆಲಸ ಒಂದು ಬರೆಯದ ಮಾತನ್ನು ಮುರಿಯುವುದೇ ಆಗಿತ್ತು.

ನಮ್ಮ ತೋಟದ ಬದಿಯಲ್ಲಿ ಒಂದು ಗಾಡಿ ದಾರಿ ಇದೆ. ಹಿಂದಿನ ತೋಟದವರು ಕಾಯಿ ಸಾಗಿಸೋದು ಅದರಲ್ಲೇ. ಅವರ ತಂದೆ ಆ ಜಮೀನು ಕೊಂಡ ವರ್ಷ ನಮ್ಮ ತಾತ, "ಹೋಗ್ರಪ್ಪ, ನಮ್ ಬದೀಲೇ ಗಾಡಿ ಹೊಡ್ಕೊಂಡು ಹೋಗಿ" ಅಂದಿದ್ದರಂತೆ. ನಾನು ಹುಟ್ಟುವ ಮುಂಚಿನ ಮಾತು. ತಾತ ಇಲ್ಲ, ಆ ತಂದೆಯೂ ಇಲ್ಲ. ದಾರಿ ಇದೆ. ಸರ್ವೆ ನಕಾಶೆಯಲ್ಲಿ ಮಾತ್ರ ಇಲ್ಲ.

ತೋಟದ ಒಂದು ಭಾಗ ಕೊಳ್ಳಲು ಬೆಂಗಳೂರಿನವರೊಬ್ಬರು ಬಂದಿದ್ದರು. ಫಾರ್ಮ್ ಹೌಸ್ ಕಟ್ಟಬೇಕಂತೆ. ಬೆಲೆ ಒಪ್ಪಿಗೆಯಾಗಿತ್ತು. ಒಂದೇ ಷರತ್ತು: ಸುತ್ತ ಬೇಲಿ ಹಾಕ್ತೀವಿ, ಆ ದಾರಿ ಮುಚ್ಚಿಕೊಡಿ. ದಾರಿ ಹಾಗೇ ಇದ್ದರೆ ಎಕರೆಗೆ 3 ಲಕ್ಷ ಕಡಿಮೆ. ನನಗೆ ಬೆಂಗಳೂರಿನಲ್ಲಿ ಫ್ಲ್ಯಾಟ್ ಸಾಲ ಇದೆ, ಆಫೀಸಿನಲ್ಲಿ ಎರಡು ಸುತ್ತು ಜನರನ್ನು ತೆಗೆದಿದ್ದಾರೆ. ಫೋನಿನಲ್ಲೇ "ಆಯ್ತು ಸಾರ್" ಅಂದುಬಿಟ್ಟಿದ್ದೆ.

ವಕೀಲಿಕೆ ಮಾಡುವ ಗೆಳೆಯನನ್ನು ಕೇಳಿದೆ. ಅವನು ಹೇಳಿದ್ದು ಈಗಲೂ ವಿಚಿತ್ರ ಅನಿಸುತ್ತೆ. ನಮ್ಮಲ್ಲಿ 1882ರ ಅನುಭೋಗ ಹಕ್ಕಿನ ಕಾಯ್ದೆ ಇದೆ. ಯಾರಾದರೂ ಇನ್ನೊಬ್ಬರ ಜಮೀನಿನಲ್ಲಿ ತನ್ನ ಹಕ್ಕು ಅಂತಲೇ, ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ಓಡಾಡಿದರೆ ದಾರಿಯ ಹಕ್ಕು ಹುಟ್ಟುತ್ತೆ. ಆದರೆ ಒಡೆಯನ ಅನುಮತಿ ಪಡೆದು ಓಡಾಡಿದ್ದರೆ ಆ ರೀತಿ ಹಕ್ಕು ಹುಟ್ಟಲ್ಲ. ಅದು ಬರೀ ಪರವಾನಗಿ, ಸಾಮಾನ್ಯವಾಗಿ ವಾಪಸ್ ತಗೋಬಹುದು. ಅವರಿಗೆ ಕೆರೆ ಕಡೆಯಿಂದ ಇನ್ನೊಂದು ದಾರಿಯೂ ಇದೆ. ಸುತ್ತು, ಮಳೆಗಾಲದಲ್ಲಿ ಕೆಸರು, ಆದರೂ ದಾರಿ. "ನಿಮ್ ತಾತ ಒಪ್ಪಿ ಕೊಟ್ಟಿದ್ರೆ ನೀನು ಗೆದ್ದೆ ಬಿಡು" ಅಂದ.

ಅಂದ್ರೆ ಲೆಕ್ಕ ಹೀಗಾಯ್ತು. ನೆರೆಯವರು ತಾತನನ್ನು ಕೇಳದೆ ನುಗ್ಗಿದ್ದರೆ ಇವತ್ತು ಅವರಿಗೆ ಹಕ್ಕು ಇರುತ್ತಿತ್ತು. ಮರ್ಯಾದೆಯಿಂದ ಕೇಳಿದ್ದಕ್ಕೆ, ತಾತ ಪ್ರೀತಿಯಿಂದ ಕೊಟ್ಟಿದ್ದಕ್ಕೆ, ಅವರ ಕೈಯಲ್ಲಿ ಏನೂ ಇಲ್ಲ. ನಾನು ಗೆಲ್ಲುತ್ತಿದ್ದದ್ದು ತಾತನ ಒಳ್ಳೆಯತನವನ್ನೇ ಸಾಕ್ಷಿಗೆ ಕರೆದು.

ಆದರೂ ನನ್ನ ವಾದ ಬಿಟ್ಟಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಮುಂದೆ ಇಟ್ಟೆ. ಮಾತು ಕೊಟ್ಟವರು ತಾತ, ನಾನಲ್ಲ. ನಾನು ಕೊಡದ ಮಾತಿಗೆ ನಾನು ಹೇಗೆ ಕಟ್ಟುಬೀಳಲಿ? ಅಪ್ಪ ಮುದ್ದೆ ಮುರಿಯುತ್ತಾ ಹೇಳಿದ್ದು ಇಷ್ಟೇ: "ತೋಟ ನೀನು ಮಾಡಿದ್ದಾ?"

ಆ ಮಾತಿಗೆ ಉತ್ತರವಿಲ್ಲ. ಆಸ್ತಿ ಬೇಕು, ಅದರ ಮೇಲಿನ ಮಾತು ಬೇಡ ಅನ್ನೋದು, ಬೆಳೆ ನಂದು ಸಾಲ ನಮ್ಮಪ್ಪಂದು ಅಂದ ಹಾಗೆ. ಆದರೆ ಮಲಗಿದ ಮೇಲೆ ಯೋಚಿಸಿದರೆ ವೈನ್ ನೆನಪಾಯಿತು, ಅಪ್ಪನ ಉತ್ತರ ಅಲ್ಲಿಗೆ ಸಾಲದು ಅನಿಸಿತು. ವೈನ್ ಬರೆದವರಿಗೆ ಮೈಕ್ರೋಸಾಫ್ಟ್‌ನಿಂದ ಯಾವ ತೋಟವೂ ಬಂದಿಲ್ಲ. ಅವರು ವಾರಸುದಾರರಲ್ಲ. ಆದರೂ ಪಾಲಿಸುತ್ತಿದ್ದಾರೆ. ಯಾರಿಗೆ ಕಟ್ಟುಬಿದ್ದು?

ನನಗೆ ಹೊಳೆದದ್ದು ಇದು. ಮಾತು ಅಂದ ಕೂಡಲೇ ನಾವು ಕೊಟ್ಟವನ ಕಡೆ ನೋಡುತ್ತೀವಿ. ಅವನು ಇದ್ದಾನಾ, ಸಹಿ ಹಾಕಿದ್ದಾನಾ, ಅವನಿಗೆ ನಾನು ಏನಾಗಬೇಕು? ಆದರೆ ಕೊಟ್ಟ ಮಾತು ಸ್ವಲ್ಪ ಕಾಲ ಕಳೆದ ಮೇಲೆ ನೆಲ ಆಗಿಬಿಡುತ್ತೆ. ಅದರ ಮೇಲೆ ಜನ ಮನೆ ಕಟ್ಟಿರುತ್ತಾರೆ. ಆ ದಾರಿ ಇದೆ ಅಂತಲೇ ಹಿಂದಿನ ತೋಟದವರು ಕೊಟ್ಟಿಗೆ ಈ ಕಡೆ ಕಟ್ಟಿದ್ದಾರೆ. ವಿಂಡೋಸ್ ಹಾಗೆ ನಡೆದುಕೊಳ್ಳುತ್ತೆ ಅಂತಲೇ ಆ ಹುಡುಗ ಪ್ರೋಗ್ರಾಂ ಬರೆದ, ಅದರ ಮೇಲೆ ಚಿಕ್ಕಪ್ಪ ವ್ಯವಹಾರ ಕಟ್ಟಿದರು, ಅದರ ಮೇಲೆ ರೈತರ ನಂಬಿಕೆ ನಿಂತಿತು. ಮಾತು ಮುರಿದರೆ ಪೆಟ್ಟು ಬೀಳೋದು ಕೊಟ್ಟವನಿಗಲ್ಲ, ಮೇಲೆ ನಿಂತವನಿಗೆ. ವೈನ್ ನಡೆದುಕೊಳ್ಳುವುದು ಆ ಮೇಲೆ ನಿಂತವನನ್ನು ನೋಡಿ. ಯಾರು ಕೊಟ್ಟರು ಅನ್ನೋದು ಅದಕ್ಕೆ ಎರಡನೇ ಪ್ರಶ್ನೆ.

ಇದಕ್ಕೆ ಎದುರು ಮಾತುಗಳು ಇಲ್ಲವೆಂದಲ್ಲ, ಅವು ಗಟ್ಟಿಯಾಗೇ ಇವೆ. ಒಂದು, ಬೇರೆಯವರ ಮಾತು ಪಾಲಿಸುತ್ತಾ ಕೂತರೆ ನಿನ್ನ ಸ್ವಂತ ಮಾತಿಗೆ ಬೆಲೆ ಬರುವುದು ಯಾವಾಗ? ಐಬಿಎಂನ ಓಎಸ್/2 ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. 1992ರ ಅದರ 2.0 ಆವೃತ್ತಿ ವಿಂಡೋಸ್ ಪ್ರೋಗ್ರಾಂಗಳನ್ನು ವಿಂಡೋಸ್‌ಗಿಂತ ಚೆನ್ನಾಗಿ ಓಡಿಸುತ್ತೆ ಅಂತಲೇ ಐಬಿಎಂ ಹೇಳಿಕೊಂಡಿತು. ಹಾಗಾದರೆ ನಾವು ಓಎಸ್/2ಗೆ ಅಂತ ಬೇರೆ ಯಾಕೆ ಬರೀಬೇಕು, ವಿಂಡೋಸ್‌ಗೆ ಬರೆದರೆ ಎರಡೂ ಕಡೆ ಓಡುತ್ತಲ್ಲ ಅಂತ ಪ್ರೋಗ್ರಾಂ ಬರೆಯುವವರು ಅಂದುಕೊಂಡರು. ಅದು ಸೋತದ್ದಕ್ಕೆ ಬೇರೆ ಕಾರಣಗಳೂ ಇವೆ, ಇದೂ ಒಂದು ಅನ್ನುತ್ತಾರೆ. ವೈನ್ ಮೇಲೂ ಲಿನಕ್ಸ್ ಅಭಿಮಾನಿಗಳು ಇದೇ ಆರೋಪ ಹೊರಿಸುತ್ತಾರೆ. 2018ರಲ್ಲಿ ವಾಲ್ವ್ ಕಂಪನಿ ವೈನ್ ಆಧರಿಸಿದ ಪ್ರೋಟಾನ್ ತಂದ ಮೇಲೆ, ಲಿನಕ್ಸ್‌ಗೆ ಅಂತ ಆಟ ಬರೆಯುವ ತಲೆನೋವು ಯಾಕೆ ಅನ್ನುವವರು ಹೆಚ್ಚಾಗಿದ್ದಾರೆ ಅಂತ. ನಿಜ ಇರಬಹುದು. ಆದರೆ ಅದೇ ಪ್ರೋಟಾನ್‌ನಿಂದಾಗಿ 2022ರಲ್ಲಿ ಬಂದ ಸ್ಟೀಮ್ ಡೆಕ್ ಅನ್ನೋ ಕೈಯಲ್ಲಿ ಹಿಡಿಯುವ ಯಂತ್ರ, ಒಳಗೆ ಲಿನಕ್ಸ್ ಇಟ್ಟುಕೊಂಡೇ ವಿಂಡೋಸ್ ಆಟಗಳನ್ನು ಆಡಿಸುತ್ತಿದೆ. ಹಳ್ಳಿಯಿಂದ ಬಂದ ನನಗೆ ಇದು ಅರ್ಥವಾಗುತ್ತೆ. ಆಫೀಸಿನಲ್ಲಿ ನಾನು ಆಫೀಸಿನ ಭಾಷೆ ಮಾತಾಡ್ತೀನಿ, ಊರಲ್ಲಿ ಊರಿನದು. ಯಾವುದೂ ನಾಟಕ ಅಲ್ಲ. ಎದುರಿಗಿರುವವರಿಗೆ ತಿಳಿಯಬೇಕಲ್ಲ.

ಎರಡನೇ ಮಾತು ಇನ್ನೂ ಕಷ್ಟದ್ದು. ಎಲ್ಲಿಯವರೆಗೆ? ಮೈಕ್ರೋಸಾಫ್ಟ್ 16 ಬಿಟ್ ಬಿಟ್ಟದ್ದನ್ನು ನಾನು ಪಾಪ ಅನ್ನಲಾರೆ. ಹಳೆಯದೆಲ್ಲ ಹೊತ್ತುಕೊಂಡೇ ನಡೆದರೆ ಹೊಸದು ಕಟ್ಟಲು ಕೈ ಖಾಲಿ ಇರುವುದಿಲ್ಲ. ಪ್ರತಿಯೊಂದು ಹಳೆ ಮಾತಿಗೂ ಯಾರೋ ಒಬ್ಬರ ಶನಿವಾರ, ಭಾನುವಾರ ಖರ್ಚಾಗುತ್ತೆ. ಮಾತನ್ನು ಮುಗಿಸುವುದಕ್ಕೂ ಒಂದು ಮರ್ಯಾದೆ ಇದೆ ಅಂತ ಮಾತ್ರ ನನ್ನ ನಂಬಿಕೆ: ಮೊದಲು ಹೋಗಿ ನೋಡು, ಯಾರು ನಡೆಯುತ್ತಿದ್ದಾರೆ ಅಂತ. ಅವರಿಗೆ ಹೇಳು, ಸಮಯ ಕೊಡು, ಆಗೋದಾದರೆ ಬೇರೆ ದಾರಿ ಮಾಡಿಕೊಡು. ನಕಾಶೆಯಲ್ಲಿ ಇಲ್ಲ ಅನ್ನೋದನ್ನು ಕಾರಣ ಮಾಡಬೇಡ. ನಾನು ಫೋನಿನಲ್ಲಿ "ಆಯ್ತು ಸಾರ್" ಅಂದಾಗ ಮಾಡಿದ್ದು ಅದನ್ನೇ. ಆ ದಾರಿಯಲ್ಲಿ ಓಡಾಡುವವರನ್ನು ಒಂದು ಮಾತು ಕೇಳಿರಲಿಲ್ಲ.

ಬೆಳಿಗ್ಗೆ ಎದ್ದು ಹಿಂದಿನ ತೋಟದವರ ಮನೆಗೆ ಹೋದೆ. ಮಾವ ಅಂತ ಚಿಕ್ಕಂದಿನಿಂದ ಕರೆದು ಅಭ್ಯಾಸ. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಜಗಳ ಮಾಡಲಿಲ್ಲ. "ಬದಿ ನಿಮ್ಮದು ಕಣಪ್ಪ, ನಾವೇನು ಹೇಳಾಕಾಯ್ತದೆ" ಅಂದು ಕಾಫಿ ಕೊಟ್ಟರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೊಳ್ಳುವವರಿಗೆ ಫೋನ್ ಮಾಡಿ ಹೇಳಿದೆ. ದಾರಿ ಉಳಿಯುತ್ತೆ, ಕ್ರಯಪತ್ರದಲ್ಲೇ ಅದನ್ನು ಬರೆಸುತ್ತೀವಿ, ಆ ಬೆಲೆಗೆ ಬೇಕಾದರೆ ತಗೊಳ್ಳಿ. ಯೋಚಿಸಿ ಹೇಳ್ತೀನಿ ಅಂದರು. ಇನ್ನೂ ಹೇಳಿಲ್ಲ. ಇಎಂಐ ಐದನೇ ತಾರೀಕಿಗೆ ಸರಿಯಾಗಿ ಹೋಗುತ್ತಿದೆ. ಕೆಲವು ರಾತ್ರಿ ಎಕರೆಗೆ 3 ಲಕ್ಷದ ಲೆಕ್ಕ ತಲೆಯಲ್ಲಿ ತಿರುಗುತ್ತೆ, ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೆ ತಾತ ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ತರುವ ಕೆಲಸ, ತೋಟ ಮಾರಿದರೂ ಮಾರದಿದ್ದರೂ, ಮಾಡಿಸೋದು ಅಂತ ಅಪ್ಪನೂ ನಾನೂ ತೀರ್ಮಾನಿಸಿದ್ದೀವಿ. ನನ್ನ ಮಗಳ ಕಾಲಕ್ಕೆ ಯಾರೂ ನಕಾಶೆ ಹಿಡಿದು ವಾದ ಮಾಡಬಾರದು.

ಚಿಕ್ಕಪ್ಪ ಮೊನ್ನೆ ಫೋನ್ ಮಾಡಿದ್ದರು. ನಿನ್ನ ವೈನು ಚೆನ್ನಾಗಿ ಓಡ್ತಾ ಐತೆ ಅಂದರು. ಹಿಂದಿನ ತೋಟದ ಮಾವ ಆ ದಾರಿಯಲ್ಲೇ ಟ್ರ್ಯಾಕ್ಟರ್ ತಂದು ಕೊಬ್ಬರಿ ಹಾಕಿ ಹೋದರಂತೆ. ಬಿಲ್ಲಿನ ಕೊನೆಯಲ್ಲಿ 50 ಪೈಸೆ ಬಂದಿತ್ತಂತೆ. ಈ ಸಲ ಅದು ಅವರ ಪಾಲಿಗೆ ಹೋಯಿತು.